ಗೇಮ್ ಆಡಿದರೆ ಕಾಯಿಲೆ ಬರುತ್ತಾ, ದುಡ್ಡು ಬರುತ್ತಾ? ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಆರು ವಾರ ಆಡಿ ನೋಡಿದೆವು

ಒಂದೇ ವಾರದಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಎರಡು ಫಾರ್ವರ್ಡ್ ಬಂದವು. ಮೊದಲನೆಯದು: ‘ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಆನ್‌ಲೈನ್ ಗೇಮ್ ಆಡುವುದು ಮಾನಸಿಕ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ, ಎಲ್ಲ ಪೋಷಕರಿಗೂ ತಲುಪಿಸಿ.’ ಎರಡನೆಯದು: ‘ಮನೆಯಲ್ಲೇ ಕೂತು ಗೇಮ್ ಆಡಿ, ತಿಂಗಳಿಗೆ ಐವತ್ತು ಸಾವಿರ ಗಳಿಸಿ.’ ಮೊದಲನೆಯದನ್ನು ಕಳಿಸಿದವರು ದೊಡ್ಡಪ್ಪ. ಎರಡನೆಯದೂ ಅವರದ್ದೇ.

ಆ ರಾತ್ರಿ ಅಕ್ಕ ಫೋನ್ ಮಾಡಿದಳು. ಅವಳ ಮಗ ಒಂಬತ್ತನೇ ಕ್ಲಾಸು. ಕೆಲವು ತಿಂಗಳಿಂದ ಫೋನಿನಲ್ಲಿ ಯಾವುದೋ ಹಳೇ ಕಾಲದ ಗೊಂಬೆಗಳಂಥ ಗೇಮ್ ಆಡುತ್ತಿದ್ದಾನೆ, ಅದರಲ್ಲಿ ಮರ ಕಡಿಯುತ್ತಾನೆ, ಮೀನು ಹಿಡಿಯುತ್ತಾನೆ, ಬೇರೆ ದೇಶದವರ ಜೊತೆ ಚಾಟ್ ಮಾಡುತ್ತಾನೆ. ‘ಕಿತ್ತು ಬಿಸಾಕಲಾ, ಬಿಡಲಾ? ನೀನೇ ನೋಡಿ ಹೇಳು’ ಅಂದಳು. ನಾವು ದಿನಾ ಫಾರ್ವರ್ಡ್‌ಗಳ ನಿಜ ಸುಳ್ಳು ಹುಡುಕುವವರು. ಆದರೆ ಈ ಪ್ರಶ್ನೆಗೆ ಉತ್ತರ ಗೂಗಲ್ ಮಾಡಿದರೆ ಸಿಗುವಂಥದ್ದಲ್ಲ ಅನ್ನಿಸಿತು. ಅದೇ ಗೇಮನ್ನು ಇನ್‌ಸ್ಟಾಲ್ ಮಾಡಿಕೊಂಡು ಆರು ವಾರ ಆಡಿದೆವು.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಇದೆ. ಎರಡೂ ಫಾರ್ವರ್ಡ್ ತಪ್ಪು. ಆಡಿದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ, ಆಡಿದ್ದಕ್ಕೆ ಸಂಬಳವೂ ಬರುವುದಿಲ್ಲ. ಈ ಗೇಮಿಗೆ ನಿಜವಾಗಿ ಖರ್ಚಾಗುವುದು ಸಮಯ, ಅದೂ ಮೊದಲು ಅಂದಾಜು ಸಿಗದಷ್ಟು. ಆ ಲೆಕ್ಕ ಗೊತ್ತಿದ್ದು, ಬೇಕೆಂದಾಗ ಎದ್ದು ಹೋಗಬಲ್ಲವರು ಆಡಬಹುದು. ಅದು ಆಗದವರಿಗೆ ಫ್ರೀ ಗೇಮ್ ಕೂಡ ದುಬಾರಿಯೇ.

ಏನಿದು ಈ ಗೇಮ್?

ರೂನ್‌ಸ್ಕೇಪ್ ಶುರುವಾದದ್ದು 2001ರ ಜನವರಿಯಲ್ಲಿ, ಇಂಗ್ಲೆಂಡಿನಲ್ಲಿ. ಮಾಡಿದವರು ಆಂಡ್ರ್ಯೂ ಗೋವರ್ ಮತ್ತು ಅವರ ಸಹೋದರ ಪಾಲ್ ಗೋವರ್. ಈಗ ನಡೆಸುತ್ತಿರುವುದು ಕೇಂಬ್ರಿಜ್‌ನ ಜಾಗೆಕ್ಸ್ ಕಂಪನಿ. ಇದು ಮಲ್ಟಿಪ್ಲೇಯರ್ ರೋಲ್ ಪ್ಲೇಯಿಂಗ್ ಗೇಮ್. ಅಂದರೆ ನೀವೊಂದು ಪಾತ್ರ ಕಟ್ಟಿಕೊಳ್ಳುತ್ತೀರಿ, ಆ ಪಾತ್ರ ಒಂದು ದೊಡ್ಡ ಊರೊಳಗೆ ಓಡಾಡುತ್ತದೆ, ಅದೇ ಊರಲ್ಲಿ ಅದೇ ಹೊತ್ತಿಗೆ ನೂರಾರು ಜನ ನಿಜವಾದ ಮನುಷ್ಯರು ತಮ್ಮ ತಮ್ಮ ಪಾತ್ರ ಓಡಾಡಿಸುತ್ತಿರುತ್ತಾರೆ. ನೀವು ಫೋನ್ ಮುಚ್ಚಿಟ್ಟರೂ ಆ ಊರು ನಡೆಯುತ್ತಲೇ ಇರುತ್ತದೆ. ಲೂಡೋ, ಕ್ಯಾಂಡಿ ಕ್ರಷ್‌ಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಆ ಗೇಮ್‌ಗಳಲ್ಲಿ ಒಂದು ಆಟ ಮುಗಿಯುತ್ತದೆ. ಇಲ್ಲಿ ಮುಗಿಯುವುದು ಅನ್ನುವುದೇ ಇಲ್ಲ.

‘ಓಲ್ಡ್ ಸ್ಕೂಲ್’ ಅನ್ನುವ ಹೆಸರಿಗೆ ಕಾರಣವಿದೆ. ವರ್ಷಗಳು ಕಳೆದ ಹಾಗೆ ಕಂಪನಿ ಮೂಲ ಗೇಮನ್ನು ಬಹಳ ಬದಲಿಸಿತು, 2012ರಲ್ಲಿ ದುಡ್ಡು ಕೊಟ್ಟು ತಿರುಗಿಸುವ ಅದೃಷ್ಟದ ಚಕ್ರವನ್ನೂ ತಂದಿತು. ಹಳೇ ಆಟಗಾರರು ಸಿಟ್ಟಾದರು. ಕಂಪನಿಯಲ್ಲಿ 2007ರ ಆಗಸ್ಟಿನ ಒಂದು ಬ್ಯಾಕಪ್ ಉಳಿದಿತ್ತು. ಅದನ್ನೇ ಮತ್ತೆ ತೆರೆಯಬೇಕೇ ಎಂದು ವೋಟ್ ಹಾಕಿಸಿ, 2013ರ ಫೆಬ್ರವರಿಯಲ್ಲಿ ಆ ಹಳೇ ಗೇಮನ್ನು ಪ್ರತ್ಯೇಕವಾಗಿ ಬಿಟ್ಟರು. ಈಗಲೂ ಇದರೊಳಗೆ ಹೊಸದೇನಾದರೂ ಸೇರಿಸಬೇಕೆಂದರೆ ಬಹುತೇಕ ಆಟಗಾರರ ವೋಟ್ ಬೇಕು. ಮೊದಲು ನೂರಕ್ಕೆ 75 ಬೇಕಿತ್ತು, ಈಗ 70 ಸಾಕು. ಅದೃಷ್ಟದ ಚಕ್ರ ಇದರಲ್ಲಿಲ್ಲ.

2018ರ ಅಕ್ಟೋಬರಿನಿಂದ ಇದು ಫೋನಿನಲ್ಲೂ ಸಿಗುತ್ತದೆ. ಹಳೇ ಗ್ರಾಫಿಕ್ಸ್ ಆದ್ದರಿಂದ ಕಡಿಮೆ ಬೆಲೆಯ ಫೋನಿನಲ್ಲೂ ನಡೆಯುತ್ತದೆ. ಗೇಮಿನ ಗಡಿಯಾರ 0.6 ಸೆಕೆಂಡಿಗೊಮ್ಮೆ ಮಾತ್ರ ಟಿಕ್ ಅನ್ನುತ್ತದೆ, ಎಲ್ಲ ಕೆಲಸವೂ ಆ ಲಯಕ್ಕೇ ಆಗುತ್ತದೆ. ಆದ್ದರಿಂದ ಪಬ್‌ಜಿ ಥರ ನೆಟ್‌ವರ್ಕ್ ಒಂದು ಕ್ಷಣ ತಡವಾದರೆ ಸತ್ತೆವು ಅನ್ನುವ ಗಡಿಬಿಡಿ ಇದರಲ್ಲಿ ಕಡಿಮೆ. ನಾವು ಬೆಂಗಳೂರಿನಿಂದ ಊರಿಗೆ ಹೋಗುವ ಬಸ್ಸಿನಲ್ಲೂ ಆಡಿದೆವು. ಘಟ್ಟ ಇಳಿಯುವಾಗ ನೆಟ್‌ವರ್ಕ್ ಹೋಯಿತು ಅನ್ನುವುದು ಬಿಟ್ಟರೆ ತೊಂದರೆಯಾಗಲಿಲ್ಲ.

ಮೊದಲ ದಿನ ಹೇಗಿರುತ್ತದೆ? ಲಂಬ್ರಿಜ್ ಅನ್ನುವ ಊರಿನ ಕೋಟೆಯ ಅಡುಗೆಮನೆಗೆ ಹೋಗುತ್ತೀರಿ. ಅಡುಗೆಭಟ್ಟ ಅಳುಮೋರೆ ಹಾಕಿಕೊಂಡು ನಿಂತಿರುತ್ತಾನೆ. ಯಜಮಾನರ ಹುಟ್ಟುಹಬ್ಬ, ಕೇಕ್ ಮಾಡಬೇಕು, ಸಾಮಾನು ತರುವುದು ಮರೆತಿದ್ದಾನೆ. ನೀವು ಕೋಳಿ ಸಾಕಿರುವ ಜಾಗದಿಂದ ಮೊಟ್ಟೆ ತರಬೇಕು, ಹಸು ಕರೆದು ಹಾಲು ತರಬೇಕು, ಗೋಧಿ ಕಿತ್ತು ಗಾಳಿಗಿರಣಿಯ ಮೇಲಿನ ಮಹಡಿಗೆ ಹೊತ್ತೊಯ್ದು ಸುರಿದು, ಸನ್ನೆಕೋಲು ಎಳೆದು, ಕೆಳಗೆ ಬಂದು ಹಿಟ್ಟು ತುಂಬಿಕೊಳ್ಳಬೇಕು. ಕತ್ತಿ ಹಿರಿದು ರಾಕ್ಷಸರ ಜೊತೆ ಹೋರಾಡುವ ಗೇಮ್ ಅಂದುಕೊಂಡು ಹೋದ ನಾವು ಮೊದಲ ಅರ್ಧ ಗಂಟೆ ಹಿಟ್ಟಿನ ಗಿರಣಿಯಲ್ಲಿ ಕಳೆದೆವು. ನಿಜ ಹೇಳಬೇಕೆಂದರೆ, ಖುಷಿಯಾಯಿತು.

ಐವತ್ತನೇ ಲೆವೆಲ್ ಅಂದರೆ ಅರ್ಧ ದಾರಿಯೇ?

ಗೇಮಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಸುಬುಗಳಿವೆ: ಮರ ಕಡಿಯುವುದು, ಮೀನು ಹಿಡಿಯುವುದು, ಅಡುಗೆ, ಗಣಿ, ಕಮ್ಮಾರಿಕೆ, ಯುದ್ಧ ಹೀಗೆ. ಇವುಗಳಲ್ಲಿ 15 ಕಸುಬುಗಳನ್ನು ದುಡ್ಡು ಕೊಡದೆ ಕಲಿಯಬಹುದು. ಪ್ರತಿಯೊಂದರಲ್ಲೂ 1ರಿಂದ 99ರವರೆಗೆ ಲೆವೆಲ್. ಮಾಡಿದ ಪ್ರತಿ ಕೆಲಸಕ್ಕೂ ಅನುಭವದ ಅಂಕ ಸಿಗುತ್ತದೆ, ಅಂಕ ಸೇರಿದಂತೆ ಲೆವೆಲ್ ಏರುತ್ತದೆ.

ಇನ್ನು ಲೆಕ್ಕ ನೋಡಿ. ಎರಡನೇ ಲೆವೆಲ್ ತಲುಪಲು ಬೇಕಾದದ್ದು 83 ಅಂಕ. ಸಾಮಾನ್ಯ ಮರದ ಒಂದು ದಿಮ್ಮಿಗೆ 25 ಅಂಕ ಸಿಗುತ್ತದೆ. ನಾಲ್ಕು ದಿಮ್ಮಿ ಕಡಿದರೆ ಪಟಾಕಿ ಸಿಡಿದ ಹಾಗೆ ಸದ್ದಾಗಿ ‘ಅಭಿನಂದನೆ, ಲೆವೆಲ್ ಏರಿದಿರಿ’ ಎಂದು ಬರುತ್ತದೆ. ಇಷ್ಟು ಸುಲಭವಾ ಅನ್ನಿಸುತ್ತದೆ. ಮೊದಲ ಸಂಜೆ ಹತ್ತು ಸಲವಾದರೂ ಆ ಪಟಾಕಿ ಸಿಡಿಯುತ್ತದೆ.

50ನೇ ಲೆವೆಲ್‌ಗೆ ಒಟ್ಟು 1,01,333 ಅಂಕ ಬೇಕು. 50 ಅಂದರೆ ಸುಮಾರು ಅರ್ಧ ಮುಗಿಯಿತು ಅಂತ ಯಾರಿಗಾದರೂ ಅನ್ನಿಸುವುದು ಸಹಜ. 99ನೇ ಲೆವೆಲ್‌ಗೆ ಬೇಕಾದದ್ದು 1,30,34,431. ಅಂದರೆ ಐವತ್ತಕ್ಕೆ ತಲುಪಿದವರು ನಡೆದಿರುವುದು ಇಡೀ ದಾರಿಯ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ! ಹಾಗಾದರೆ ಅರ್ಧ ದಾರಿ ಎಲ್ಲಿದೆ? 92ನೇ ಲೆವೆಲ್‌ನಲ್ಲಿ. ಅಲ್ಲಿ 65,17,253 ಅಂಕ. ‘ತೊಂಬತ್ತೆರಡೇ ತೊಂಬತ್ತೊಂಬತ್ತರ ಅರ್ಧ’ ಅನ್ನುವುದು ಈ ಗೇಮ್ ಆಡುವವರ ನಡುವೆ ಹಳೇ ತಮಾಷೆ. ಏಳು ಲೆವೆಲ್ ಏರಿದಾಗಲೆಲ್ಲ ಬೇಕಾದ ಅಂಕ ಸುಮಾರು ಎರಡರಷ್ಟಾಗುವ ಹಾಗೆ ಸೂತ್ರ ಹಾಕಿಟ್ಟಿದ್ದಾರೆ. ಚದುರಂಗದ ಮಣೆಯ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಕೇಳಿ ರಾಜನನ್ನು ದಿವಾಳಿ ಎಬ್ಬಿಸಿದ ಕತೆ ಇದೆಯಲ್ಲ, ಅದೇ ಗಣಿತ. ಇಲ್ಲಿ ಅಕ್ಕಿಯ ಬದಲು ನಿಮ್ಮ ಸಂಜೆಗಳು.

ಗಂಟೆಗೆ 50 ಸಾವಿರ ಅಂಕ ಗಳಿಸುತ್ತೀರಿ ಅಂದುಕೊಳ್ಳೋಣ. ಒಂದು ಕಸುಬಿನಲ್ಲಿ 99 ಮುಟ್ಟಲು ಸುಮಾರು 260 ಗಂಟೆ. ದಿನಕ್ಕೆ ಎರಡು ಗಂಟೆ ಆಡಿದರೆ ನಾಲ್ಕು ತಿಂಗಳ ಮೇಲೆ. ಅದು ಒಂದೇ ಕಸುಬು. ಶುರುವಿನ ಮರವನ್ನೇ ಕಡಿಯುತ್ತಾ ಕೂತರೆ ಐದು ಲಕ್ಷ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ದಿಮ್ಮಿ ಬೇಕು. ಹಾಗೆ ಯಾರೂ ಮಾಡುವುದಿಲ್ಲ, ಲೆವೆಲ್ ಏರಿದಂತೆ ಹೆಚ್ಚು ಅಂಕ ಕೊಡುವ ಮರ ಸಿಗುತ್ತವೆ. ಆದರೂ ಲೆಕ್ಕದ ಗಾತ್ರ ಗೊತ್ತಾಗಲಿ ಎಂದು ಹೇಳಿದೆವು.

ಇದು ಮೋಸವೇ? ನಮ್ಮ ಪ್ರಕಾರ ಅಲ್ಲ. ಯಾವ ಲೆವೆಲ್‌ಗೆ ಎಷ್ಟು ಅಂಕ ಬೇಕು ಅನ್ನುವುದು ಗೇಮಿನೊಳಗೇ ಕಾಣುತ್ತದೆ, ಮುಚ್ಚಿಟ್ಟಿಲ್ಲ. ಆದರೆ ಶುರುವಿನ ಪಟಾಕಿಗಳ ವೇಗ ನೋಡಿ ಮುಂದಿನ ದಾರಿಯ ಉದ್ದ ಅಳೆದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಅಕ್ಕನ ಮಗ ನಮಗೆ ಹೇಳಿದ್ದೂ ಅದೇ: ‘ಮೀನು ಹಿಡಿಯೋದ್ರಲ್ಲಿ ಎಪ್ಪತ್ತಕ್ಕೆ ಬಂದಿದ್ದೀನಿ ಚಿಕ್ಕಮ್ಮ, ಇನ್ನು ಸ್ವಲ್ಪವೇ.’ ಎಪ್ಪತ್ತರಲ್ಲಿ ಇರುವುದು 7,37,627 ಅಂಕ. ಕ್ಯಾಲ್ಕುಲೇಟರ್ ಅವನ ಕೈಗೇ ಕೊಟ್ಟೆವು. ಭಾಗಾಕಾರ ಮಾಡಿ, ನೂರಕ್ಕೆ ಆರೂ ಆಗಿಲ್ಲ ಎಂದು ಕಂಡಾಗ ಅವನ ಮುಖ ನೋಡಬೇಕಿತ್ತು.

‘ಇನ್ನೊಂದೇ ಸಲ’ ಅನ್ನುವ ಗಣಿತ

ಅಂಕ ಕೂಡಿಸುವುದು ಸಂಬಳದ ಹಾಗೆ, ದುಡಿದಷ್ಟು ಬರುತ್ತದೆ. ಇದರ ಜೊತೆಗೆ ಲಾಟರಿಯ ಹಾಗಿರುವ ಇನ್ನೊಂದು ವ್ಯವಸ್ಥೆಯೂ ಇದೆ. ಕೆಲವು ರಾಕ್ಷಸರನ್ನು ಕೊಂದರೆ ಅಪರೂಪಕ್ಕೊಮ್ಮೆ ಬೆಲೆಬಾಳುವ ವಸ್ತು ಬೀಳುತ್ತದೆ. ಉದಾಹರಣೆಗೆ, ದುಡ್ಡು ಕೊಟ್ಟು ಸದಸ್ಯರಾದವರಿಗೆ ಸಿಗುವ ‘ಅಬಿಸಲ್ ವಿಪ್’ ಅನ್ನುವ ಚಾಟಿ. ಅದನ್ನು ಬೀಳಿಸುವ ರಾಕ್ಷಸನನ್ನು ಒಂದು ಸಲ ಕೊಂದರೆ ಅದು ಸಿಗುವ ಸಾಧ್ಯತೆ 512ರಲ್ಲಿ ಒಂದು.

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. 512 ಸಲ ಕೊಂದರೆ ಗ್ಯಾರಂಟಿ ಸಿಗುತ್ತದೆ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ, 512 ಸಲ ಕೊಂದ ನೂರು ಜನರಲ್ಲಿ ಸುಮಾರು 37 ಮಂದಿಗೆ ಒಂದೂ ಸಿಕ್ಕಿರುವುದಿಲ್ಲ. ಅದರ ಎರಡರಷ್ಟು, 1,024 ಸಲ ಕೊಂದರೂ 13–14 ಮಂದಿ ಬರಿಗೈ. ‘ಇಷ್ಟು ಹೊತ್ತು ಬಂದಿಲ್ಲ, ಇನ್ನು ಬರಲೇಬೇಕು’ ಅನ್ನುವ ಮಾತಿಗೆ ಗಣಿತದ ಬೆಂಬಲವಿಲ್ಲ. ಹಿಂದಿನ ಸೋಲುಗಳು ಗೇಮಿಗೆ ನೆನಪಿರುವುದಿಲ್ಲ. ಪ್ರತಿ ಸಲವೂ ಹೊಸದಾಗಿ 512ರಲ್ಲಿ ಒಂದು.

ಆದರೂ ಮನಸ್ಸು ಬಿಡುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು. ಇಷ್ಟು ಸಲ ಕುಕ್ಕಿದರೆ ಇಷ್ಟು ಕಾಳು ಎಂದು ನಿಗದಿ ಮಾಡಿದರೆ ಹಕ್ಕಿ ಕಾಳು ಸಿಕ್ಕ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಯಾವ ಕುಕ್ಕಿಗೆ ಕಾಳು ಬೀಳುತ್ತದೆ ಎಂದು ಗೊತ್ತಾಗದ ಹಾಗೆ ಮಾಡಿದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತದೆ. ಜೂಜಿನ ಮಷೀನು ನಡೆಯುವುದು ಇದೇ ತತ್ವದ ಮೇಲೆ. ಹೆಬ್ಬೆರಳಿನಲ್ಲಿ ರೀಲ್ಸ್ ತಳ್ಳುವವರೂ ಇದಕ್ಕೆ ಹೊರತಲ್ಲ.

ವ್ಯತ್ಯಾಸ ಬರುವುದು ಪ್ರತಿ ಕುಕ್ಕಿಗೆ ದುಡ್ಡು ಕೇಳುತ್ತಾರೋ ಇಲ್ಲವೋ ಅನ್ನುವುದರಲ್ಲಿ. ಓಲ್ಡ್ ಸ್ಕೂಲ್‌ನಲ್ಲಿ ಹೋಗುವುದು ಸಮಯ. 2020ರಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ ಅನ್ನುವ ಜನಪ್ರಿಯ ಗೇಮಿನಲ್ಲಿ ಅತ್ಯುತ್ತಮ ಪಾತ್ರ ಬೇಕಾದರೆ ಚೀಟಿ ಎತ್ತುವ ಹಾಗೆ ‘ವಿಶ್’ ಎತ್ತಬೇಕು. ಪ್ರತಿ ಎತ್ತಿಗೆ ಸಿಗುವ ಸಾಧ್ಯತೆ ನೂರಕ್ಕೆ 0.6. ತೊಂಬತ್ತನೇ ಎತ್ತಿನೊಳಗೆ ಒಂದು ಸಿಗುವುದು ಖಾತ್ರಿ. ಆಡುತ್ತಲೂ ಚೀಟಿ ಗಳಿಸಬಹುದು, ತಾಳ್ಮೆ ಇಲ್ಲದಿದ್ದರೆ ದುಡ್ಡು ಕೊಟ್ಟು ಕೊಳ್ಳಬಹುದು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಗೇಮಿನ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದದಂತೆ, ಕಂಪನಿ ಎರಡು ಕೋಟಿ ಡಾಲರ್ ಕಟ್ಟಬೇಕು, 16 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ ಇಲ್ಲದೆ ಇಂಥ ಚೀಟಿ ಮಾರಬಾರದು. ನಿಮ್ಮ ಮನೆಯ ಮಕ್ಕಳು ಆಡುತ್ತಿರುವುದು ಯಾವ ಬಗೆಯ ಗೇಮ್ ಎಂದು ಮೊದಲು ನೋಡಿ. ‘ಆನ್‌ಲೈನ್ ಗೇಮ್’ ಅನ್ನುವ ಒಂದೇ ಹೆಸರಿನಡಿ ಇವೆಲ್ಲವನ್ನೂ ಕಟ್ಟುವುದು, ಹಾಲಿಗೂ ಸುಣ್ಣದ ನೀರಿಗೂ ಬಣ್ಣ ಒಂದೇ ಎಂದಂತೆ.

ವಿಶ್ವ ಆರೋಗ್ಯ ಸಂಸ್ಥೆ ನಿಜವಾಗಿ ಹೇಳಿದ್ದೇನು?

ದೊಡ್ಡಪ್ಪನ ಫಾರ್ವರ್ಡಿನಲ್ಲಿ ಒಂದು ಎಳೆ ನಿಜ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿಗೆ 2019ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು, 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ‘ಗೇಮಿಂಗ್ ಡಿಸಾರ್ಡರ್’ ಎಂಬ ಕಾಯಿಲೆ ಇದೆ.

ಆದರೆ ಅದರ ವಿವರಣೆಯಲ್ಲಿ ಇಷ್ಟು ಗಂಟೆ ಆಡಿದರೆ ಕಾಯಿಲೆ ಎಂದು ಎಲ್ಲಿಯೂ ಇಲ್ಲ. ಮೂರು ವಿಷಯ ನೋಡುತ್ತಾರೆ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಅಂದರೆ ಶುರು ಮಾಡುವುದು, ನಿಲ್ಲಿಸುವುದು ಕೈಯಲ್ಲಿಲ್ಲವೇ? ಊಟ, ನಿದ್ದೆ, ಓದು, ಕೆಲಸ, ಜನ ಎಲ್ಲಕ್ಕಿಂತ ಆಟವೇ ಮುಂದೆ ಬಂದಿದೆಯೇ? ಕೆಟ್ಟ ಪರಿಣಾಮ ಕಣ್ಣಿಗೆ ಕಾಣುತ್ತಿದ್ದರೂ ಆಟ ಮುಂದುವರಿದಿದೆಯೇ? ಈ ಮೂರೂ ಇದ್ದು, ಮನೆ, ಶಾಲೆ, ಕೆಲಸದ ಬದುಕು ಗಂಭೀರವಾಗಿ ಹಾಳಾಗುತ್ತಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳು ಹೀಗೇ ನಡೆದಿರಬೇಕು. ರಜೆಯಲ್ಲಿ ಒಂದು ವಾರ ಹಗಲು ರಾತ್ರಿ ಆಡಿದ ಹುಡುಗ ಇದರೊಳಗೆ ಬರುವುದಿಲ್ಲ. ದಿನಕ್ಕೆ ಎರಡೇ ಗಂಟೆ ಆಡಿದರೂ, ಆ ಎರಡು ಗಂಟೆಗಾಗಿ ಕೆಲಸ ಕಳೆದುಕೊಂಡು, ಮತ್ತೂ ಬಿಡಲಾಗದವರು ಬರಬಹುದು.

ಇದನ್ನು ಹಗುರಾಗಿ ತಳ್ಳಿಹಾಕುವ ಹಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್ ಕ್ಲಿನಿಕ್’ ಎಂಬ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಫೋನ್, ಇಂಟರ್ನೆಟ್, ಗೇಮ್‌ಗಳ ಬಳಕೆ ಕೈಮೀರಿದವರಿಗೆ ಅಲ್ಲಿ ನೆರವು ಸಿಗುತ್ತದೆ. ಅಷ್ಟು ದೂರ ಹೋಗಲಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಫಾರ್ವರ್ಡ್ ಮಾಡಲೇಬೇಕು ಅನ್ನಿಸಿದರೆ ಈ ನಂಬರ್ ಮಾಡಿ.

ಗಂಟೆ ಮುಖ್ಯವೋ, ಯಾಕೆ ಆಡುತ್ತಾರೆ ಅನ್ನುವುದು ಮುಖ್ಯವೋ?

2022ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಏಳು ಗೇಮ್‌ಗಳ ಸುಮಾರು 39 ಸಾವಿರ ಆಟಗಾರರು ಅದರಲ್ಲಿದ್ದರು. ಆ ಗೇಮ್‌ಗಳಲ್ಲಿ ಒಂದು ‘ಈವ್ ಆನ್‌ಲೈನ್’, ರೂನ್‌ಸ್ಕೇಪ್ ಥರವೇ ಸಾವಿರಾರು ಜನ ಒಟ್ಟಿಗೆ ಇರುವಂಥದ್ದು. ಈ ಅಧ್ಯಯನದ ವಿಶೇಷವೇನೆಂದರೆ, ‘ಎಷ್ಟು ಹೊತ್ತು ಆಡಿದಿರಿ’ ಎಂದು ಆಟಗಾರರನ್ನು ಕೇಳಲಿಲ್ಲ, ಗೇಮ್ ಕಂಪನಿಗಳಿಂದಲೇ ಲೆಕ್ಕ ಪಡೆದರು. (ಎಷ್ಟು ಹೊತ್ತು ಫೋನ್ ನೋಡಿದಿರಿ ಎಂದು ನಿಮ್ಮನ್ನೇ ಯಾರಾದರೂ ಕೇಳಿದರೆ ಸರಿ ಉತ್ತರ ಬರುತ್ತದೆಯೇ?) ಸಿಕ್ಕ ಫಲಿತಾಂಶ: ಆಡಿದ ಗಂಟೆಗಳಿಂದ ಮನಸ್ಸಿನ ನೆಮ್ಮದಿ ಹೆಚ್ಚಿದ್ದಾಗಲಿ ಕಡಿಮೆಯಾದದ್ದಾಗಲಿ ಹೆಚ್ಚುಕಡಿಮೆ ಇಲ್ಲ. ಆದರೆ ಇಷ್ಟಪಟ್ಟು ಆಡುವವರ ನೆಮ್ಮದಿ ಹೆಚ್ಚಿತ್ತು, ಆಡಲೇಬೇಕೆಂಬ ಒತ್ತಡಕ್ಕೆ ಆಡುವವರದು ಕಡಿಮೆಯಿತ್ತು.

ಇದನ್ನೇ ಹಿಡಿದುಕೊಂಡು ‘ಎಷ್ಟು ಬೇಕಾದರೂ ಆಡಿ ಎಂದು ಆಕ್ಸ್‌ಫರ್ಡ್ ಹೇಳಿದೆ’ ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ. ಅಧ್ಯಯನಕ್ಕೆ ತಾವಾಗಿ ಒಪ್ಪಿ ಬಂದವರನ್ನಷ್ಟೇ ನೋಡಿದ್ದಾರೆ, ಅವಧಿಯೂ ಕೆಲವೇ ವಾರ. ಹತ್ತನೇ ಕ್ಲಾಸಿನ ಮಾರ್ಕ್ಸ್ ಏನಾಯಿತು, ನಿದ್ದೆ ಏನಾಯಿತು ಅನ್ನುವುದು ಅದರ ಪ್ರಶ್ನೆಯೇ ಅಲ್ಲ.

ಗಂಟೆ ಕಟ್ಟಿಹಾಕಿದರೆ ಸರಿಹೋಗುತ್ತದೆಯೇ? ಚೀನಾ 2021ರಲ್ಲಿ 18 ವರ್ಷದೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ರಾತ್ರಿ 8ರಿಂದ 9ರವರೆಗೆ ಮಾತ್ರ ಆನ್‌ಲೈನ್ ಗೇಮ್ ಎಂದು ನಿಯಮ ಮಾಡಿತು. ಅದಕ್ಕೂ ಮೊದಲು, 2019ರಲ್ಲಿ, ದಿನಕ್ಕೆ ಒಂದೂವರೆ ಗಂಟೆಯ ಮಿತಿ ಹಾಕಿತ್ತು. ಆ 2019ರ ಮಿತಿಯಿಂದ ಅತಿಯಾಗಿ ಆಡುವುದು ಕಡಿಮೆಯಾಯಿತೇ ಎಂದು ಸಂಶೋಧಕರು ಆಟದ ದಾಖಲೆ ತೆಗೆದು ನೋಡಿದಾಗ, ಕಡಿಮೆಯಾದದ್ದಕ್ಕೆ ಪುರಾವೆ ಸಿಗಲಿಲ್ಲ.

ಅಲ್ಲಿ ಸಿಗುವವರು ಸ್ನೇಹಿತರೇ?

ಅಕ್ಕನ ದೊಡ್ಡ ಭಯ ಇದ್ದದ್ದು ಇದರ ಬಗ್ಗೆ. ಯಾರು ಯಾರೋ, ಎಲ್ಲಿಯವರೋ. ಈ ಭಯಕ್ಕೆ ಆಧಾರವಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ನಾರ್ವೆಯ ಮಾಟ್ಸ್ ಸ್ಟೇನ್ ಅವರ ಕತೆಯನ್ನೂ ಹೇಳಬೇಕು.

ಮಾಟ್ಸ್‌ಗೆ ಹುಟ್ಟಿನಿಂದ ಡುಶೆನ್ ಎಂಬ ಸ್ನಾಯುಗಳ ಕಾಯಿಲೆ. ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಹೋಗುತ್ತವೆ. ಗಾಲಿಕುರ್ಚಿಯಲ್ಲೇ ಇದ್ದ ಅವರು ದಿನದ ಬಹುಪಾಲು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಡುತ್ತಿದ್ದರು. ಅದೂ ಇದೇ ಜಾತಿಯ ಗೇಮ್, 2004ರಲ್ಲಿ ಬಂದದ್ದು. ಮಗನಿಗೆ ಗೆಳೆಯರಿಲ್ಲ, ಪ್ರೀತಿ ಇಲ್ಲ, ಅವನ ಬದುಕಿನಿಂದ ಯಾರಿಗೂ ಏನೂ ಆಗಲಿಲ್ಲ ಎಂದು ಅಪ್ಪ ಅಮ್ಮ ಕೊರಗುತ್ತಿದ್ದರು. 2014ರಲ್ಲಿ, 25ನೇ ವಯಸ್ಸಿನಲ್ಲಿ ಮಾಟ್ಸ್ ತೀರಿಕೊಂಡರು. ತಂದೆ ರಾಬರ್ಟ್ ಮಗನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದರು. ಯುರೋಪಿನ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ಗೇಮಿನಲ್ಲಿ ‘ಇಬೆಲಿನ್’ ಎಂಬ ಹೆಸರಿನಲ್ಲಿದ್ದ ಅವರ ಮಗ ಎಷ್ಟೋ ಜನರ ಕಷ್ಟ ಕೇಳಿದ್ದ, ಮನೆಯವರ ಜೊತೆ ಮಾತು ಬಿಟ್ಟವರನ್ನು ಮತ್ತೆ ಮಾತಾಡಿಸಿದ್ದ. ಕೆಲವರು ಬೇರೆ ದೇಶಗಳಿಂದ ಅಂತ್ಯಸಂಸ್ಕಾರಕ್ಕೂ ಬಂದರು. ಬೆಂಜಮಿನ್ ರೇ ನಿರ್ದೇಶಿಸಿದ, ಅವರ ಬದುಕಿನ ಸಾಕ್ಷ್ಯಚಿತ್ರ 2024ರಲ್ಲಿ ಬಂತು.

ಹಾಗಂತ ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ನಮ್ಮ ಆರು ವಾರದಲ್ಲಿ ನಮಗೆ ಸಿಕ್ಕವರಲ್ಲಿ ಹೆಚ್ಚಿನವರು ಮೀನು ಹಿಡಿಯುತ್ತಾ ‘ಯಾವ ಲೆವೆಲ್?’ ಎಂದು ಕೇಳಿ ಸುಮ್ಮನಾದರು. ಒಬ್ಬರು ತಮ್ಮ ಊರಲ್ಲಿ ಹಿಮ ಬೀಳುತ್ತಿದೆ ಅಂದರು, ನಮ್ಮಲ್ಲಿ ಸೆಕೆ ಎಂದೆವು. ಒಬ್ಬರು ಟೋಪಿ ಹಾಕಿದರು. ಆ ಕತೆ ಸ್ವಲ್ಪ ವಿವರವಾಗಿ ಹೇಳಬೇಕು.

ನಲವತ್ತು ಸಾವಿರ ಹೋದ ಕತೆ

ವ್ಯಾರಕ್ ಅನ್ನುವ ಊರಿನಲ್ಲಿ ‘ಗ್ರ್ಯಾಂಡ್ ಎಕ್ಸ್‌ಚೇಂಜ್’ ಎಂಬ ದೊಡ್ಡ ಮಾರುಕಟ್ಟೆ ಇದೆ. ಎಪಿಎಂಸಿ ಯಾರ್ಡಿನ ಹಾಗೆ, ಸದಾ ಗಿಜಿಗಿಜಿ. ಅಲ್ಲೊಬ್ಬ ‘ಹಣ ಡಬಲ್ ಮಾಡಿಕೊಡುತ್ತೇನೆ’ ಎಂದು ಕೂಗುತ್ತಾ ನಿಂತಿದ್ದ. ಪರೀಕ್ಷೆಗೆಂದು ಒಂದು ಸಾವಿರ ನಾಣ್ಯ ಕೊಟ್ಟೆವು, ಎರಡು ಸಾವಿರ ವಾಪಸ್ ಬಂತು. ಐದು ಸಾವಿರ ಕೊಟ್ಟೆವು, ಹತ್ತು ಸಾವಿರ ಬಂತು. ಸುಳ್ಳು ಸುದ್ದಿ ಬಯಲು ಮಾಡುವುದೇ ಕಸುಬಾಗಿರುವ ನಾವು ಆಮೇಲೆ ನಲವತ್ತು ಸಾವಿರ ಕೊಟ್ಟೆವು. ಆತ ಮಾಯ.

ಅವು ಗೇಮಿನ ನಾಣ್ಯ, ರೂಪಾಯಿ ಅಲ್ಲ. ಆದರೆ ಇದು ಟೆಲಿಗ್ರಾಂನಲ್ಲಿ ‘ಹೋಟೆಲ್‌ಗೆ ರಿವ್ಯೂ ಬರೆದು ಹಣ ಗಳಿಸಿ’ ಎಂದು ಬರುವ ವಂಚನೆಯ ಪಡಿಯಚ್ಚು. ಮೊದಲು ನೂರೈವತ್ತು ರೂಪಾಯಿ ನಿಜವಾಗಿ ಕೊಡುತ್ತಾರೆ, ನಂಬಿಕೆ ಹುಟ್ಟಿದ ಮೇಲೆ ಲಕ್ಷ ಕೇಳುತ್ತಾರೆ. ಅಕ್ಕನ ಮಗನಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕ. ‘ಅದು ಎಲ್ಲರಿಗೂ ಗೊತ್ತಿರೋ ಸ್ಕ್ಯಾಮ್. ನಾನು ಮೊದಲನೇ ತಿಂಗಳಲ್ಲೇ ಕಳ್ಕೊಂಡಿದ್ದೆ.’ ಹದಿನಾಲ್ಕನೇ ವಯಸ್ಸಿಗೆ, ರೂಪಾಯಿ ಕಳೆಯದೆ ಈ ಪಾಠ ಆಗಿದ್ದರೆ ನಮ್ಮ ಲೆಕ್ಕದಲ್ಲಿ ಅದು ಗೇಮಿನ ಜಮಾ ಕಡೆಗೆ ಹೋಗುತ್ತದೆ.

ಕಳುವಾಗುವ ಇನ್ನೊಂದು ವಸ್ತು ಅಕೌಂಟೇ. ‘ಉಚಿತ ಸದಸ್ಯತ್ವ’ ಎಂಬ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿದರೆ ಮುಗಿಯಿತು. ಎರಡು ಹಂತದ ದೃಢೀಕರಣ ಮತ್ತು ಗೇಮಿನೊಳಗಿನ ಬ್ಯಾಂಕ್ ಪಿನ್, ಎರಡನ್ನೂ ಮೊದಲ ದಿನವೇ ಹಾಕಿಸಿ. ಚಾಟ್‌ನಲ್ಲಿ ನಿಜವಾದ ಹೆಸರು, ಶಾಲೆ, ಫೋಟೋ ಬೇಡ. ‘ಬೇರೆ ಆ್ಯಪ್‌ಗೆ ಬಾ, ಅಲ್ಲಿ ಮಾತಾಡೋಣ’ ಎಂದು ಯಾರು ಕರೆದರೂ ಮನೆಯಲ್ಲಿ ಹೇಳಬೇಕು ಎಂದು ಮಕ್ಕಳ ಜೊತೆ ಮಾತಾಗಿರಲಿ.

ಆಡಿ ಗಳಿಸಬಹುದೇ?

ಗೇಮಿನ ನಾಣ್ಯವನ್ನು ನಿಜವಾದ ಹಣಕ್ಕೆ ಮಾರುವುದು ರೂನ್‌ಸ್ಕೇಪ್ ನಿಯಮದ ಪ್ರಕಾರ ನಿಷಿದ್ಧ, ಸಿಕ್ಕಿಬಿದ್ದರೆ ಅಕೌಂಟ್ ರದ್ದು. ಆದರೂ ಕದ್ದು ಮಾರುವವರಿದ್ದಾರೆ. ವೆನೆಜುವೆಲಾದ ಹಣದ ಬೆಲೆ ಕುಸಿದು ಸಂಬಳದಲ್ಲಿ ಊಟವೂ ಹುಟ್ಟದ ಹಾಗಾದಾಗ, 2017ರ ಸುಮಾರಿಗೆ, ಅಲ್ಲಿಯ ಎಷ್ಟೋ ಜನ ಈ ಗೇಮಿನಲ್ಲಿ ದಿನವಿಡೀ ಡ್ರ್ಯಾಗನ್ ಕೊಂದು, ಸಿಕ್ಕ ನಾಣ್ಯ ಮಾರಿ ಕೆಲವೇ ಡಾಲರ್ ಗಳಿಸುತ್ತಿದ್ದರು. ಹಸಿವು ಅವರನ್ನು ಅಲ್ಲಿಗೆ ತಂದಿತ್ತು. ‘ಮನೆಯಲ್ಲೇ ಕೂತು ಐವತ್ತು ಸಾವಿರ’ ಅನ್ನುವ ಫಾರ್ವರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಅಂಥ ಫಾರ್ವರ್ಡಿನ ಲಿಂಕ್‌ಗಳ ಹಿಂದೆ ಸಾಮಾನ್ಯವಾಗಿ ಇರುವುದು ಹಣ ಕಟ್ಟಿ ಆಡುವ ಆ್ಯಪ್. ಅಂಥ ಗೇಮ್‌ಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ.

ಇದೇ ಕಾಯ್ದೆ ಬಂದಾಗ ‘ಭಾರತದಲ್ಲಿ ಎಲ್ಲ ಆನ್‌ಲೈನ್ ಗೇಮ್ ಬ್ಯಾನ್’ ಅನ್ನುವ ಮಾತೂ ಹರಿದಾಡಿತ್ತು. ಅದೂ ತಪ್ಪು. ನಿಷೇಧ ಇರುವುದು ಗೆದ್ದು ಹಣ ಪಡೆಯುವ ಆಸೆಗೆ ಹಣ ಕಟ್ಟಿ ಆಡುವ ಗೇಮ್‌ಗಳಿಗೆ. ಮನರಂಜನೆಗೆಂದು ಇರುವ ಗೇಮ್‌ಗಳು, ಅವುಗಳಿಗೆ ಕೊಡುವ ಚಂದಾ ಹಣ ಇದರೊಳಗೆ ಬರುವುದಿಲ್ಲ.

ಓಲ್ಡ್ ಸ್ಕೂಲ್‌ನಲ್ಲಿ ದುಡ್ಡು ಹೋಗುವ ದಾರಿ ಎರಡು. ಒಂದು ಸದಸ್ಯತ್ವ, ಅದರಿಂದ ಗೇಮಿನ ಬಹುಪಾಲು ಜಾಗ ತೆರೆಯುತ್ತದೆ. ಇನ್ನೊಂದು ‘ಬಾಂಡ್’. ನಿಜವಾದ ಹಣಕ್ಕೆ ಕೊಂಡು ಗೇಮಿನ ನಾಣ್ಯಕ್ಕೆ ಮಾರಬಹುದು, ಅಥವಾ 14 ದಿನದ ಸದಸ್ಯತ್ವಕ್ಕೆ ಬಳಸಬಹುದು. ಬಾಂಡ್ ಮಾರಿ ನಾಣ್ಯ ಮಾಡಿಕೊಳ್ಳುವುದು ಅಂದರೆ, ಯಾವ ಕೆಲಸ ಮಾಡಲೆಂದು ಗೇಮ್ ಆಡುತ್ತಿದ್ದೀರೋ ಅದನ್ನೇ ದುಡ್ಡು ಕೊಟ್ಟು ತಪ್ಪಿಸಿಕೊಂಡಂತೆ. ನಮಗಂತೂ ಅದರಲ್ಲಿ ಅರ್ಥ ಕಾಣಲಿಲ್ಲ.

ಹಾಗಾದರೆ ಅಕ್ಕನಿಗೆ ಏನು ಹೇಳಿದೆವು?

ಕಿತ್ತು ಬಿಸಾಕಬೇಡ ಎಂದೆವು. ಮೊದಲು ಒಂದು ಪರೀಕ್ಷೆ ಮಾಡು: ಒಂದು ವಾರ ಗೇಮ್ ಇಲ್ಲ ಎಂದು ಮೊದಲೇ ಹೇಳಿ, ಅವನೇ ವಾರ ಆರಿಸಲಿ. ಬೇಜಾರು, ಗೊಣಗಾಟ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಡ. ನಿದ್ದೆ, ಊಟ, ಶಾಲೆ, ಸಂಜೆ ಹೊರಗೆ ಹೋಗುವುದು ಎಂದಿನಂತೆ ನಡೆದರೆ ಗಾಬರಿಯಿಲ್ಲ. ಸಿಟ್ಟು ಕೈಮೀರಿದರೆ, ಕದ್ದು ಆಡಿದರೆ, ಸುಳ್ಳು ಶುರುವಾದರೆ ಆಗ 14416ಕ್ಕೆ ಮಾಡೋಣ. ಇದು ಡಾಕ್ಟರ ಪರೀಕ್ಷೆಯಲ್ಲ, ಮನೆಯ ಅಂದಾಜು ಅಷ್ಟೇ.

ಅವನು ಆರಿಸಿದ್ದು ಕಿರುಪರೀಕ್ಷೆಯ ವಾರ. ನಾಲ್ಕನೇ ದಿನ ಅಕ್ಕನ ಹತ್ತಿರ ಒಂದು ಸಲ ಜಗಳವಾಡಿದ, ಉಳಿದಂತೆ ದಾಟಿದ. ಈಗ ಶನಿವಾರ, ಭಾನುವಾರ ಸಂಜೆ ಒಂದೂವರೆ ಗಂಟೆ ಎಂದು ಅವರಿಬ್ಬರೇ ಮಾತಾಡಿಕೊಂಡಿದ್ದಾರೆ. ಮಲಗುವ ಕೋಣೆಗೆ ಫೋನ್ ಇಲ್ಲ. ಸದಸ್ಯತ್ವ ಇಲ್ಲ, ಅಮ್ಮನ ಯುಪಿಐ ಪಿನ್ ಅಂತೂ ಇಲ್ಲವೇ ಇಲ್ಲ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಮತ್ತೆ ಕೂತು ಮಾತಾಡುತ್ತಾರಂತೆ.

ದೊಡ್ಡವರಾದ ಓದುಗರು ‘ನಾವು ಶುರು ಮಾಡಬಹುದಾ’ ಎಂದು ಕೇಳಿದರೆ ನಮ್ಮ ಅಭಿಪ್ರಾಯ ಹೀಗಿದೆ. ದಿನಾ ಮೆಟ್ರೋದಲ್ಲಿ ಕೂತು ರೀಲ್ಸ್ ತಳ್ಳುವ ಮುಕ್ಕಾಲು ಗಂಟೆಯನ್ನು ಇದಕ್ಕೆ ಕೊಟ್ಟರೆ ನಷ್ಟವೇನಿಲ್ಲ, ಲಾಭವೇ ಇರಬಹುದು. ಯಾವುದಾದರೂ ಪರೀಕ್ಷೆಗೆ ಓದುತ್ತಿದ್ದರೆ ಈ ವರ್ಷ ಮುಟ್ಟಬೇಡಿ. ರಾತ್ರಿ ಹನ್ನೊಂದರ ನಂತರ ‘ಇನ್ನೊಂದೇ ಲೆವೆಲ್’ ಅನ್ನುವ ಸ್ವಭಾವ ನಿಮ್ಮದಾದರೆ ಅದು ನಿಮಗೇ ಗೊತ್ತಿರುತ್ತದೆ. 99 ಮುಟ್ಟಲೇಬೇಕೆಂದು ಹೊರಟರೆ ಮೇಲಿನ 260 ಗಂಟೆಯ ಲೆಕ್ಕವನ್ನು ಇನ್ನೊಮ್ಮೆ ಓದಿಕೊಳ್ಳಿ.

ನಾವು ಆರು ವಾರದಲ್ಲಿ ಮೀನುಗಾರಿಕೆಯಲ್ಲಿ 58ಕ್ಕೆ ಬಂದೆವು, ಅಡುಗೆಯಲ್ಲಿ 51. ಸೀಗಡಿ ಈಗ ಸೀಯುವುದಿಲ್ಲ. ಅಳಿಯ ವಾರಾಂತ್ಯದಲ್ಲಿ ಮೆಸೇಜ್ ಮಾಡುತ್ತಾನೆ, ‘ಚಿಕ್ಕಮ್ಮ, ಬರ್ತೀರಾ? ಲಂಬ್ರಿಜ್ ಸೇತುವೆ ಹತ್ರ ಇದ್ದೀನಿ.’ ಕೆಲವು ಸಲ ಹೋಗುತ್ತೇವೆ.